ಕರಿಯಣ್ಣನ ಒದ್ದೆ ಗೋಣಿ

ನಂಬುವುದಾದರೆ ಕೇಳಿ, ಇಲ್ಲದಿದ್ದರೆ ಸುಮ್ಮನೆ ಮಲಗಿ. ಓಬಮ್ಮನ ಮಗ ಧನಪಾಲ್ ರಾತ್ರಿ ಹನ್ನೊಂದಕ್ಕೆ ಕೆಲಸದ ಗೋಡೌನಿನಿಂದ ಊಟಕ್ಕೆಂದು ಮನೆ ಕಡೆ ಹೊರಟಿದ್ದ. ಅಲ್ಲಿನ ಬಾವಿ ದಾಟುವಾಗ ಕೇಳಿಸಿತು... ಕಿರ್ರ್... ಕಿರ್ರ್... ರಾಟೆ ತಿರುಗುವ ಸದ್ದು. ಆಮೇಲೆ, ದುಬುಕ್.

ಆ ಬಾವಿಗೆ ರಾಟೆಯೂ ಇಲ್ಲ, ಹಗ್ಗವೂ ಇಲ್ಲ. ಕಲ್ಲು ಚಪ್ಪಡಿ ಮುಚ್ಚಿ ವರ್ಷವಾಗಿತ್ತು.

ಪಂಚನಹಳ್ಳಿ ಆಚೆಯ ಹಳೇ ಕೊಬ್ಬರಿ ಗೋಡೌನಿನಲ್ಲಿ ಒಂದು ಕಂಪನಿ ಸರ್ವರ್ ಇಟ್ಟಿತ್ತು. ನೋಡಿಕೊಳ್ಳುವವನು ಧನಪಾಲ್. ಒಳಗೆ ಎಫ್‌ಪಿಜಿಎ ಎಂಬ ವಿಶೇಷ ಚಿಪ್ಪಿನ ಕಾರ್ಡುಗಳು. ರೋಗಿಯ ಜೀನ್ ಜಾಲಾಡಿ ಕಾಯಿಲೆ ಹುಡುಕುವ ಲೆಕ್ಕ ಬಲು ಬೇಗ ಮಾಡುತ್ತವೆ, ಆದರೆ ಕೆಂಡದಂತೆ ಕಾಯುತ್ತವೆ. ಅವಕ್ಕೆ ಸ್ವಂತ ಫ್ಯಾನಿಲ್ಲ. ಸರ್ವರಿನ ಫ್ಯಾನು ಮುಂದಿನ ಜಾಲರಿಯಿಂದ ಎಳೆಯುವ ಗಾಳಿಯೇ ಗತಿ. ನೂರು ಡಿಗ್ರಿ ಮುಟ್ಟಿದರೆ ಕಾರ್ಡು ತಾನೇ ಆರಿಹೋಗುತ್ತದೆ. ಲೆಕ್ಕ ಮತ್ತೆ ಮೊದಲಿನಿಂದ.

ಮೊದಲು ಕಾವಲಿಗಿದ್ದವನು ಮುದುಕ ಕರಿಯಣ್ಣ. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿ ಕಟ್ಟಿ ಅಭ್ಯಾಸ. ಪಾಪ, ಒಳ್ಳೆಯದಾಗಲಿ ಅಂತ ಬಾವಿ ನೀರು ಸೇದಿ ಆ ಜಾಲರಿಗೂ ಗೋಣಿ ಹೊದಿಸಿದ್ದ. ಗಾಳಿ ಕಟ್ಟಿ ಕಾರ್ಡು ಇನ್ನಷ್ಟು ಕಾಯಿತು. ಧನಪಾಲ್ ಬಾಯಿಗೆ ಬಂದಂತೆ ಬೈದು ಕೆಲಸ ಬಿಡಿಸಿದ. ಎರಡೇ ತಿಂಗಳಿಗೆ ಮುದುಕ ತೀರಿಕೊಂಡ.

ಆ ರಾತ್ರಿ ಓಡುತ್ತಿದ್ದದ್ದು ಧನಪಾಲನ ಅಕ್ಕನ ಮಗಳು ಪ್ರಜ್ಞಾಳ ಲೆಕ್ಕ. ಐದು ವರ್ಷದ ಮಗು, ಶಿವಮೊಗ್ಗದ ಆಸ್ಪತ್ರೆಯಲ್ಲಿತ್ತು. ಬೆಳಗಾಗುವುದರೊಳಗೆ ಕಾಯಿಲೆ ಯಾವುದೆಂದು ತಿಳಿದರೆ ಔಷಧಿ, ಇಲ್ಲದಿದ್ದರೆ ಇಲ್ಲ.

ಫೋನು ಕಿಣಿಕಿಣಿ ಅಂದಿತು. ಕಾರ್ಡು ತೊಂಬತ್ತೊಂದು ಡಿಗ್ರಿ. ಎದ್ದು ಬಿದ್ದು ಗೋಡೌನಿಗೆ ವಾಪಸ್ ಓಡಿದ.

ಬೀಗ ಹಾಕಿದ ಕೋಣೆ. ಒಳಗೆ... ಜಾಲರಿಯ ಮೇಲೆ ಗೋಣಿ. ತೊಟ್... ತೊಟ್... ನೀರು.

ಕಿತ್ತು ಹೊರಗೆಸೆದ. ಎಂಬತ್ತಾರಕ್ಕೆ ಇಳಿಯಿತು. ಅಕ್ಕನ ಫೋನು.

"ಮುಗೀತೇನೋ?"

"ಇನ್ನೊಂದ್ ಅರ್ಧ ಗಂಟೆ ಕಣಕ್ಕ..."

ಕಿರ್ರ್... ಕಿರ್ರ್... ದುಬುಕ್.

ತಿರುಗಿದರೆ ಜಾಲರಿಗೆ ಮತ್ತೆ ಗೋಣಿ. ಕಿತ್ತ. ಮತ್ತೆ ಬಂತು. ತೊಂಬತ್ತನಾಲ್ಕು. ತೊಂಬತ್ತೇಳು. ಫ್ಯಾನುಗಳು ಹೋ ಎಂದು ಅರಚುತ್ತಿದ್ದವು.

"ಬ್ಯಾಡ ಕಣ್ ಕರಿಯಣ್ಣ... ಗಾಳಿ ಕಟ್ತದೆ... ನಿನ್ ಕಾಲಿಗ್ ಬೀಳ್ತೀನಿ..."

ಕಿವಿಯ ಹತ್ತಿರವೇ, ಮೆಲ್ಲಗೆ, ಆ ಮುದುಕನ ದನಿ: "ಬಿಸಿ ಆಗೈತಲ್ಲಪ್ಪಾ..."

ಸಿಟ್ಟಿನ ದನಿಯಲ್ಲ ಅದು. ಸಿಟ್ಟಾಗಿದ್ದರೆ ಎಷ್ಟೋ ವಾಸಿ ಇತ್ತು.

ಠಕ್. ಕಾರ್ಡು ಆರಿತು. ಆ ನಿಶ್ಶಬ್ದದಲ್ಲಿ ಅಕ್ಕನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಎತ್ತದೆ ಅವನು ಲೆಕ್ಕವನ್ನು ಮತ್ತೆ ಮೊದಲಿನಿಂದ ಹಚ್ಚಿದ.

ಕಾಯಿಲೆಯ ಹೆಸರು ಮರುದಿನ ಮಧ್ಯಾಹ್ನ ಸಿಕ್ಕಿತು. ಪ್ರಜ್ಞಾ ಬೆಳಿಗ್ಗೆಯೇ ಹೋಗಿದ್ದಳು.

ಬಾವಿಯ ಚಪ್ಪಡಿ ಕದಲಿರಲಿಲ್ಲ, ಅಂಚಿನ ಗೆದ್ದಲು ಮಣ್ಣೂ ಉದುರಿರಲಿಲ್ಲ. ಸುಳ್ಳು ಹೇಳಿ ನಮಗೇನು ಬರಬೇಕು? ಧನಪಾಲ್ ತಂದು ಒಣಹಾಕಿದ ಆ ಗೋಣಿ ಓಬಮ್ಮನ ಹಿತ್ತಿಲ ತಂತಿಯ ಮೇಲೆ ಈಗಲೂ ಇದೆ. ಎರಡು ಬೇಸಿಗೆಯ ಬಿಸಿಲು ಕಂಡಿದೆ. ನಾಳೆ ಹಗಲಲ್ಲೇ ಹೋಗಿ ಮುಟ್ಟಿ ನೋಡಿ... ಒದ್ದೆಯಾಗಿದೆ.