ಮಂಚದ ಕೆಳಗಿನ ಸಿಲಿಂಡರ್

ನಡುರಾತ್ರಿ ವಾರ್ಡಿನೊಳಗೆ ಯಾರೋ ಸಣ್ಣಗೆ ಕೆಮ್ಮಿದರು. ಒಳಗೆ ಮಲಗಿದ್ದ ಗಂಡನಿಗಾಗಿ ಹೊರಗೆ ಕಾದಿದ್ದ ಟೀಚರೊಬ್ಬರು ಮಾಸ್ಕ್ ಬಿಗಿ ಮಾಡಿಕೊಂಡರು. ಪಕ್ಕದ ಬೆಂಚಿನಲ್ಲಿ ಇಬ್ಬರು ಓರಗಿತ್ತಿಯರು ಪಿಸುಗುಟ್ಟುತ್ತಿದ್ದರು.

"ಅತ್ತೇದೇ ಕೆಮ್ಮು ಕಣಕ್ಕಾ."

"ಹೊಗೆ ಕೆಮ್ಮು ಅಂದ್ಕೊಂಡು ಸುಮ್ನಿದ್ದೆನಲ್ಲೇ! ಲಾಕ್‌ಡೌನಲ್ಲಿ ಕೂಲಿ ನಿಂತು ಸೌದೆ ಒಲೆ ಹಚ್ಚಿದಾಗಿಂದ ಎಲ್ರೂ ಕೆಮ್ತಾನೇ ಇದ್ವಿ. ಇದು ಆ ರೋಗ ಅಂತ ಹೇಗೆ ಗೊತ್ತಾಗ್ಬೇಕು?"

"ನಾನು ತವರಿಗೆ ಹೋಗುವಾಗ ಗ್ಯಾಸ್ ಇತ್ತಲ್ಲಾ?"

"ತುಂಬಿದ ಸಿಲಿಂಡರ್ ಈಗ್ಲೂ ಇದೆ. ಮಂಚದ ಕೆಳಗೆ ಗೋಣಿ ಮುಚ್ಚಿಟ್ಟಿದೀನಿ. ಕಷ್ಟಕಾಲಕ್ಕಿರ್ಲಿ ಅಂತ."

"ಇದಕ್ಕಿಂತ ಕಷ್ಟಕಾಲ ಇನ್ನೆಲ್ಲಿಂದ ಬರ್ಬೇಕಿತ್ತಕ್ಕಾ?"

ಹಿರಿಯವಳು ವಾರ್ಡಿನ ಬಾಗಿಲಿನತ್ತ ತಿರುಗಿದಳು. ಒಳಗೆ ಕೆಮ್ಮು ನಿಂತುಹೋಗಿತ್ತು. ನರ್ಸ್ ಹೊರಬಂದು, "ಅಜ್ಜಿ ಹೋಗ್ಬಿಟ್ರು, ಮನೆಯವ್ರು ಬನ್ನಿ" ಎಂದಳು.

"ಸಿಲಿಂಡರ್ ವಿಷ್ಯ ನಿನ್ ಭಾವನಿಗೆ ಗೊತ್ತಾದ್ರೆ..."

ಕಿರಿಯವಳು ಅವಳ ಕೈ ಹಿಡಿದು ಎಬ್ಬಿಸಿದಳು.

"ಯಾವ ಸಿಲಿಂಡರ್? ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ. ನಡಿಯಕ್ಕಾ."