ಬಾಗಿ ಅಜ್ಜಿಯ ಎಲೆ

ದೀಪ ಆರಿಸುವುದು ಬೇಡ, ಹಾಗೇ ಇರಲಿ. ಹೆದರಿಸಲಿಕ್ಕೆ ಹೇಳುತ್ತಿಲ್ಲ ನಾನು. ನನ್ನ ಚಿಕ್ಕಮ್ಮನ ಮಗಳು ಚಂಪಾಳ ಮನೆಯಲ್ಲಿ ನಡೆದದ್ದು, ಎರಡು ಸಾವಿರದ ಎಂಟರಲ್ಲಿ, ಶಹಾಡಿನಲ್ಲಿ. ಕೊನೆಗೆ ನಾನೇ ಅಲ್ಲಿದ್ದೆ. ಆ ಹೊತ್ತಿಗೆ ನಮಗೆ ಯಾರಿಗೂ ಹೆದರಿಕೆ ಆಗಲಿಲ್ಲ... ಅದೇ ನನಗೆ ಇವತ್ತಿಗೂ ಸೋಜಿಗ.

ಚಂಪಾ ಆ ರಾತ್ರಿ ಸ್ಟೇಷನ್ನಿನಿಂದ ನಡೆದು ಬರುತ್ತಿದ್ದಳು. ಎಂಟೂವರೆ ಆಗಿತ್ತು. ಆಗೆಲ್ಲ ಅಲ್ಲಿ ದಿನಾ ಲೋಡ್‌ಶೆಡ್ಡಿಂಗ್, ರಸ್ತೆ ಪೂರ್ತಿ ಕತ್ತಲೆ. ಒಂದು ಕಂಪನಿಯ ಗೋಡೆಗೆ ತಾಗಿ ಹಳೆ ಬಾವಿ, ಮೇಲೆ ಕಬ್ಬಿಣದ ಜಾಲರಿ. ಅದನ್ನು ದಾಟುವಾಗ ಶಬ್ದ ಕೇಳಿತಂತೆ. ಟಕ್... ಟಕ್ ಟಕ್... ನೀರಿನದ್ದಲ್ಲ, ಜಾಲರಿಯದ್ದೂ ಅಲ್ಲ. ಬೆರಳ ಗೆಣ್ಣಿನಿಂದ ಮರದ ಬಾಗಿಲು ಬಡಿದ ಹಾಗೆ. ಅವಳು ನಿಂತಳು. ಶಬ್ದವೂ ನಿಂತಿತು. ಎರಡು ಹೆಜ್ಜೆ ಇಟ್ಟಳು... ಟಕ್ ಟಕ್. ಬಾವಿಯೊಳಗೆ ಯಾರು ಬಾಗಿಲು ಬಡಿಯುತ್ತಾರೆ ಎಂದುಕೊಂಡು ಮನೆ ಕಡೆ ನಡೆದಳು.

ಮನೆ ಮೂರನೇ ಮಾಳಿಗೆಯಲ್ಲಿ. ಹೊರಗಿಂದ ಹಾಕಿದ್ದ ಬೀಗ ತೆಗೆದು ತಳ್ಳಿದರೆ ಬಾಗಿಲು ಸರಿಯಲಿಲ್ಲ. ಮತ್ತೆ ತಳ್ಳಿದಳು. ಒಳಗೆ, ಬಾಗಿಲಿಗೆ ಒರಗಿದ ಹಾಗೇ ಬಾಗಿ ಅಜ್ಜಿ ಬಿದ್ದಿದ್ದರು. ಬಾಗಿ ಅಜ್ಜಿ ಅಂದರೆ ಚಂಪಾಳ ಅತ್ತೆ.

ಬೀಗ ಅಂದ ಕೂಡಲೇ ಹಾಗೆ ಮುಖ ಮಾಡಬೇಡಿ. ಎರಡು ವರ್ಷದಿಂದ ಅಜ್ಜಿಗೆ ನೆನಪು ಹೋಗಿತ್ತು. ಒಮ್ಮೆ ರೈಲು ಹಳಿಯ ಮೇಲೆ ನಡೆಯುತ್ತಾ ತಮ್ಮ ಊರು ಕಾಪುವಿಗೆ ಇನ್ನೆಷ್ಟು ದೂರ ಎಂದು ಕೇಳುತ್ತಿದ್ದರು. ಯಾರೋ ಪುಣ್ಯಾತ್ಮರು ಕೈ ಹಿಡಿದು ಕರೆತಂದರು. ಚಂಪಾಳ ಗಂಡ ಮುರಾರಿಗೆ ಸೆಕೆಂಡ್ ಶಿಫ್ಟು. ಮಗ ಕೌಶಲ್ ಪುಣೆಯ ಹಾಸ್ಟೆಲಿನಲ್ಲಿ. ಚಂಪಾ ವಾಶಿಯ ಮಸಾಲೆ ಮಾರ್ಕೆಟ್ಟಿನಲ್ಲಿ ಒಬ್ಬರ ಆಫೀಸಿಗೆ ಟೈಪಿಂಗಿಗೆ ಹೋಗುತ್ತಿದ್ದಳು. ಮಧ್ಯಾಹ್ನದ ಮೇಲೆ ಬೀಗ ಹಾಕದೆ ಬೇರೆ ದಾರಿ ಇರಲಿಲ್ಲ. ಮಾತಾಡುವವರು ಒಂದು ವಾರ ನೋಡಿಕೊಂಡು ಆಮೇಲೆ ಮಾತಾಡಲಿ ಎಂದು ನಾನು ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಆದರೆ ಒಂದು ಹೇಳಬೇಕು. ಬೀಗ ಬಿದ್ದ ಮೇಲೆ ಅಜ್ಜಿ ಸಂಜೆವರೆಗೂ ಆ ಬಾಗಿಲ ಹಿಂದೆಯೇ ಕೂತಿರುತ್ತಿದ್ದರು. ಮುಚ್ಚಿದ ಬಾಗಿಲು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಡಾಕ್ಟರು ಬಂದು ನೋಡಿದರು. ಜೀವ ಹೋಗಿ ಒಂದು ಗಂಟೆಯೂ ಆಗಿಲ್ಲ ಅಂದರು.

ಚಂಪಾ ಅಳಲಿಲ್ಲ. ಬಂದವರಿಗೆ ಚಹಾ ಮಾಡಿದಳು, ಹಾಸಿಗೆ ಬಟ್ಟೆ ಒಗೆದಳು. ಯಾರಾದರೂ ಹೆಸರು ಹಿಡಿದು ಕರೆದರೆ ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡುತ್ತಿದ್ದಳು. ಮೂರನೇ ದಿನ ಪಾತ್ರೆ ತೊಳೆಯುತ್ತಾ ನನ್ನೊಬ್ಬಳಿಗೆ ಹೇಳಿದಳು, ನಲ್ಲಿ ಬಿಟ್ಟುಕೊಂಡು, ಬೇರೆಯವರಿಗೆ ಕೇಳದ ಹಾಗೆ.

"ಅಕ್ಕ, ಅವತ್ತು ಆಫೀಸು ಬಿಟ್ಟದ್ದು ಸರಿಯಾದ ಟೈಮಿಗೇ. ವಾಶಿ ಸ್ಟೇಷನ್ನಿನ ಬೆಂಚಲ್ಲಿ ಕೂತಿದ್ದೆ. ಒಂದು ಗಂಟೆ."

"ಯಾಕೆ?"

"ಮನೆಗೆ ಬರ್ಲಿಕ್ಕೆ ಮನಸ್ಸೇ ಬರ್ಲಿಲ್ಲ. ಗಾಡಿ ಬಂತು, ಹೋಯಿತು..."

ಇದನ್ನು ಯಾರ ಹತ್ತಿರವೂ ಬಾಯಿ ಬಿಡಬೇಡ ಅಂದೆ. ಹಾಗೆ ಅಂದದ್ದು ನನ್ನ ತಪ್ಪು. ಅವಳಿಗೆ ಬೇಕಾದದ್ದು ಒಂದೇ, ಅತ್ತೆಗೆ ಅದನ್ನು ಹೇಳುವುದು. ಹೇಳಲಿಕ್ಕೆ ಅತ್ತೆ ಎಲ್ಲಿ?

ಹದಿನಾರನೇ ದಿನ ಬಂತು. ನಮ್ಮ ಕಡೆ ಆ ರಾತ್ರಿ ಸತ್ತವರನ್ನು ಹೆಸರು ಹಿಡಿದು ಮನೆಯೊಳಗೆ ಕರೆಯುವುದುಂಟು. ಎಲೆ ಹಾಕಿ, ಕುಚ್ಚಲಕ್ಕಿ ಅನ್ನ, ಕೋಳಿ ಪದಾರ್ಥ, ಮೀನು ಎಲ್ಲ ಬಡಿಸಿ, ದೀಪ ಇಟ್ಟು, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಸತ್ತವರು ಉಣ್ಣುವಷ್ಟು ಹೊತ್ತು. ಆಮೇಲೆ ಬಾಗಿಲು ಬಡಿದು ಒಳಗೆ ಹೋಗುವುದು. ಉಂಡರೆ ಅವರು ಹಿರಿಯರ ಸಾಲಿಗೆ ಸೇರಿದರು ಅಂತ. ಉಣ್ಣದಿದ್ದರೆ... ಅವರು ಹೊರಗೇ ಉಳಿದರು ಅಂತ. ಇದನ್ನೆಲ್ಲ ಬಲ್ಲ ರಮಾಕಾಂತಣ್ಣ ಸಾನಪಾಡಾದಿಂದ ಬಂದಿದ್ದರು. ಕ್ರಮದಲ್ಲಿ ಒಂದು ಚೂರೂ ತಪ್ಪಬಾರದು ಅವರಿಗೆ. ಮುಚ್ಚಿದ ಬಾಗಿಲ ಹಿಂದೆ ಜೀವ ಬಿಟ್ಟವರನ್ನು ಕರೆದು, ಮತ್ತೆ ಅದೇ ಬಾಗಿಲು ಮುಚ್ಚುತ್ತಿದ್ದೇವೆ ಎಂದು ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬೇಡವಾ? ಹೊಳೆಯಲಿಲ್ಲ.

ಒಂಬತ್ತು ಗಂಟೆಗೆ ಬಾಗಿಲು ಎಳೆದುಕೊಂಡೆವು. ಕರೆಂಟು ಇರಲಿಲ್ಲ. ಪ್ಯಾಸೇಜಿನಲ್ಲಿ ಗೋಡೆಗೆ ಒರಗಿ ಏಳು ಜನ ನಿಂತೆವು. ಚಂಪಾ ಕೊನೆಯಲ್ಲಿ, ಮೆಟ್ಟಿಲ ಕಡೆಗೆ. ಕೆಳಗಿನ ಮನೆಯಲ್ಲಿ ಕುಕ್ಕರ್ ಕೂಗಿತು. ಆಮೇಲೆ ಏನೂ ಇಲ್ಲ... ಕೌಶಲನ ಉಸಿರು ಕೇಳುವಷ್ಟು.

ಆಗ ಕೆಳಗಿಂದ ಚಪ್ಪಲಿ ಶಬ್ದ. ಚಟ್... ಚಟ್... ಟಾರ್ಚಿನ ಬೆಳಕು. ಎದುರು ಮನೆಯ ಭೀಮಮ್ಮ. ಮಗಳ ಬಾಣಂತನಕ್ಕೆಂದು ವಿಜಾಪುರಕ್ಕೆ ಹೋಗಿ ಒಂದೂವರೆ ತಿಂಗಳಾಗಿತ್ತು. ಗಾಡಿ ಇಳಿದು ನೇರ ಬರುತ್ತಿದ್ದರು, ಕೈಯಲ್ಲಿ ಚೀಲ. ಅಜ್ಜಿ ತೀರಿಹೋದದ್ದು ಅವರಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಯಾರೂ ಹೇಳಿಯೂ ಇರಲಿಲ್ಲ.

ಟಾರ್ಚನ್ನು ನಮ್ಮ ಮೇಲೆ ಆಡಿಸಿದರು. ಚಂಪಾಳ ಪಕ್ಕದಲ್ಲಿ ನಿಲ್ಲಿಸಿದರು.

"ಯಾಕ್ರೀ, ಕೀಲಿ ಕಳದೈತೇನು? ಮತ್ತ ಈ ವಯಸ್ಸಾದವ್ರನ್ನ ಯಾಕ ನಿಂದರಿಸೀರಿ? ಬರ್ರಿ ಅಜ್ಜೀ, ನಮ್ಮನ್ಯಾಗ ಕುಂದ್ರ ಬರ್ರಿ."

ಭೀಮಮ್ಮ ತಮ್ಮ ಬೀಗ ತೆಗೆದರು, ಟಾರ್ಚು ಕೆಳಗೆ ಹಿಡಿದು ಹೆಜ್ಜೆಗೆ ದಾರಿ ತೋರಿಸುತ್ತಾ ಒಳಗೆ ಹೋದರು. ಟೈಲ್ಸಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಎಳೆದ ಶಬ್ದ... ಕರ್ರ್... ಬಾಗಿಲಿಗೆ ವಾಪಸ್ ಬಂದು, ಅಜ್ಜಿ ಭಾಳ ಸೊರಗಿದ್ದಾರೆ, ನೀರು ಕೊಡಲಾ ಎಂದು ಕೇಳಿದರು.

ಮುರಾರಿ ಮೆಲ್ಲಗೆ ಹೇಳಿದ, ಅಮ್ಮ ಹೋಗಿ ಇವತ್ತಿಗೆ ಹದಿನಾರು ದಿನ ಎಂದು.

ಭೀಮಮ್ಮ ಟಾರ್ಚನ್ನು ಕುರ್ಚಿಯ ಮೇಲೆ ಹಿಡಿದರು. ನಮಗೆ ಕಂಡದ್ದು ಬರೀ ಕುರ್ಚಿ. ಅವರು ಕುರ್ಚಿಯನ್ನು ನೋಡಿದರು, ನಮ್ಮನ್ನು ನೋಡಿದರು.

"ನಿಮಗ ಕಾಣವಲ್ದೇನು?" ಎಂದರು. ಅಷ್ಟೇ. ಚೀಲ ಅಲ್ಲೇ ಇಟ್ಟು ನಮ್ಮ ಸಾಲಿಗೆ ಬಂದು ನಿಂತರು.

ರಮಾಕಾಂತಣ್ಣ ಮೂರು ಸಲ ಬಡಿದು ಚಂಪಾಳ ಮನೆಯ ಬಾಗಿಲು ತೆಗೆದರು. ದೀಪ ಉರಿಯುತ್ತಿತ್ತು. ಎಲೆ ಬಡಿಸಿದ ಹಾಗೇ ಇತ್ತು, ಒಂದು ಅಗುಳೂ ಅಲುಗಿರಲಿಲ್ಲ. ಒಳಗೆ ಬರಲಿಲ್ಲ ಅವರು, ಎಂದರು ರಮಾಕಾಂತಣ್ಣ.

"ಬಂದಿದ್ರು. ಬಾಗಿಲು ಹಾಕಿದ್ದಕ್ಕೆ ನಮ್ಮ ಜೊತೆಗೇ ಹೊರಗೆ ಬಂದ್ರು." ಚಂಪಾಳ ಧ್ವನಿ ಸಪ್ಪಗಿತ್ತು, ಹಾಲಿನವನಿಗೆ ಲೆಕ್ಕ ಹೇಳುವ ಹಾಗೆ.

ಎಲೆಯನ್ನು ಹಾಗೆಯೇ ದೊಡ್ಡ ಹರಿವಾಣಕ್ಕೆ ಜಾರಿಸಿ ಎತ್ತಿಕೊಂಡಳು. ಇದು ಕ್ರಮವಲ್ಲ ಎಂದು ರಮಾಕಾಂತಣ್ಣ ಅಡ್ಡ ಬಂದರು. ಮುರಾರಿ ಅವರ ತೋಳು ಹಿಡಿದ. ಅವಳು ಪ್ಯಾಸೇಜು ದಾಟಿ ಭೀಮಮ್ಮನ ಮನೆಗೆ ಹೋದಳು. ಕುರ್ಚಿಯ ಎದುರು ಸ್ಟೂಲು ಎಳೆದು ಎಲೆ ಇಟ್ಟಳು. ನೆಲದ ಮೇಲೆ ಕೂತಳು.

"ಅತ್ತೆ, ಅವತ್ತು ಗಾಡಿ ತಡ ಆದದ್ದಲ್ಲ. ನಾನು ವಾಶಿಯಲ್ಲಿ ಸುಮ್ಮನೆ ಕೂತಿದ್ದೆ. ಒಂದು ಗಂಟೆ. ನೀವು ಬಾಗಿಲು ಬಡೀತಿದ್ರಿ, ನಾನು ಕೂತಿದ್ದೆ. ಈಗ ಬಾಗಿಲು ಹಾಕುದಿಲ್ಲ. ಉಣ್ಣಿ."

ಎಲ್ಲರಿಗೂ ಕೇಳಿತು. ಮುರಾರಿಗೂ. ಅವನು ನೆಲ ನೋಡಿದ. ನನಗೆ ಎದೆಯಲ್ಲಿ ಏನೋ ಆಗಬೇಕಿತ್ತು, ಆಗಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ.

ಚಂಪಾ ಎದ್ದು ಬಂದಳು. ಭೀಮಮ್ಮನ ಬಾಗಿಲು ತೆರೆದೇ ಇತ್ತು, ಇವರದ್ದೂ ತೆರೆದೇ ಇತ್ತು. ನಾವು ಚಂಪಾಳ ಮನೆಯಲ್ಲಿ ಬೆನ್ನು ತಿರುಗಿಸಿ ನಿಂತೆವು, ಭೀಮಮ್ಮನೂ. ಎಷ್ಟು ಹೊತ್ತೋ... ಟಿಕ್, ಟಿಕ್ ಎಂದು ಟ್ಯೂಬ್‌ಲೈಟು ಹೊತ್ತಿಕೊಂಡಿತು. ಕರೆಂಟು ಬಂದಿತ್ತು. ತಿರುಗಿದೆವು.

ಕುರ್ಚಿ ಖಾಲಿ. ಸ್ಟೂಲಿನ ಮೇಲೆ ಎಲೆ ಮಡಚಿತ್ತು. ಮದುವೆ ಊಟ ಉಂಡವರು ಮಡಚುವ ಹಾಗೆ, ತಮ್ಮ ಕಡೆಗೆ. ಸಾವಿನ ಊಟದಲ್ಲಿ ಹಾಗೆ ಮಡಚಬಾರದು ಎಂದು ಚಿಕ್ಕಂದಿನಲ್ಲಿ ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಚಂಪಾ ಅದನ್ನು ನೋಡುತ್ತಾ ಹೊಸ್ತಿಲ ಮೇಲೆ ಕೂತುಬಿಟ್ಟಳು. ಆಮೇಲೆ ಅತ್ತಳು, ಶಬ್ದ ಇಲ್ಲದೆ, ಬೆಳಗಿನವರೆಗೂ.

ಭೀಮಮ್ಮನೇ ಮಡಚಿರಬೇಕು ಅನ್ನುವವರಿದ್ದಾರೆ. ಅವರು ನನ್ನ ಪಕ್ಕದಲ್ಲಿ ನಿಂತಿದ್ದರು, ತೋಳಿಗೆ ತೋಳು ತಾಗುತ್ತಿತ್ತು. ಸುಳ್ಳು ಹೇಳಿ ನನಗೇನು ಸಿಗಬೇಕು? ಕಡೆಗೆ ಆ ಎಲೆ ಎತ್ತಿದ್ದು ನಾನು. ಬಿಚ್ಚಿ ನೋಡಲಿಲ್ಲ. ಹಗುರವಾಗಿತ್ತು.