ಒಂದಕ್ಷರ ತಪ್ಪಿಲ್ಲದ ಶ್ಲೋಕ

ಎಕ್ಸ್‌ರೇ ಕೋಣೆಯ ಹೊರಗೆ, ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಇಬ್ಬರು ಕೂತಿದ್ದರು. ಮಂಡಿ ಉಜ್ಜಿಕೊಳ್ಳುತ್ತಿದ್ದವರು ದೇವಸ್ಥಾನದ ಬಾಗಿಲು ಕಾಯುವವರು. ಜೊತೆಗಿದ್ದವನು ಅವರ ಭಾವಮೈದುನ. ನನ್ನ ಚೀಟಿ ಅವರ ನಂತರದ್ದು, ಎದ್ದು ಹೋಗುವ ಹಾಗೂ ಇರಲಿಲ್ಲ.

“ಮೊನ್ನೆ ಗುಡಿ ಬಾಗಿಲಲ್ಲಿ ತಡೆದ್ರಲ್ಲ, ಅವಳು ಹಿಂದೂ ಅಲ್ಲ ಅಂತ ಹೇಗೆ ಗೊತ್ತಾಯ್ತು ಭಾವ?”

“ಶ್ಲೋಕ ಹೇಳಮ್ಮ ಅಂದೆ. ಮೊದಲಿಂದ ಕೊನೇತನಕ ಹೇಳಿದಳು.”

“ತಪ್ಪು ಹೇಳಿದಳಾ?”

“ಒಂದಕ್ಷರ ತಪ್ಪಿಲ್ಲ. ಅಲ್ಲೇ ಅನುಮಾನ ಬಂತು. ನಮ್ಮವರಾದ್ರೆ ಎರಡನೇ ಸಾಲಿಗೇ ಮಣಮಣ ಅಂತಾರೆ.”

“ನಿಮಗೆ ಪೂರ್ತಿ ಬರುತ್ತಾ?”

“ನನ್ನನ್ಯಾರು ಕೇಳ್ತಾರೆ? ಬಾಗಿಲಲ್ಲಿ ನಿಂತಿರೋನೇ ನಾನು.”

“ಆಮೇಲೆ?”

“ಹೊರಗಿಂದಲೇ ಕೈ ಮುಗಿದು ಹೋಗು ಅಂದೆ. ಹೋದಳು. ಜಗಳಾನೂ ಆಡಲಿಲ್ಲ ನೋಡು. ನಮ್ಮವಳಾಗಿದ್ರೆ ನನ್ನ ಜನ್ಮ ಜಾಲಾಡ್ತಿದ್ದಳು.”

ಭಾವಮೈದುನ ಜೇಬಿನಿಂದ ಫೋನು ತೆಗೆದು ನೋಡಿ ಮತ್ತೆ ಒಳಗಿಟ್ಟ.

“ಯಾಕೆ ಇಷ್ಟೆಲ್ಲ ಕೇಳ್ತಿದ್ದೀಯ?”

“ಶುಕ್ರವಾರ ನನ್ನ ಮಗ ಸೊಸೆ ನಿಮ್ಮ ಗುಡಿಗೆ ಬರ್ತಾರಲ್ಲ, ಅದಕ್ಕೆ.”

“ಮದುವೆಗಂತೂ ಕರೀಲಿಲ್ಲ. ಹುಡುಗಿ ನಮ್ಮವಳೇ ತಾನೆ?”

“ರಿಜಿಸ್ಟರ್ ಮದುವೆ ಭಾವ, ಯಾರನ್ನೂ ಕರೀಲಿಲ್ಲ.”

“ನಾನು ಕೇಳಿದ್ದು ಅದಲ್ಲ.”

ಅಷ್ಟರಲ್ಲಿ ಒಳಗಿಂದ ಕರೆದರು. ಭಾವ ಗೋಡೆ ಹಿಡಿದು ಎದ್ದು, ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಒಳಗೆ ಹೋದರು. ಭಾವಮೈದುನ ಫೋನನ್ನು ಕಿವಿಗಿಟ್ಟುಕೊಂಡು ಮೆಟ್ಟಿಲಿನ ಕಡೆ ನಡೆದ.

“ನಾನಮ್ಮ, ಮಾವ. ಶ್ಲೋಕ ಕಲಿತಿದ್ದು ಸಾಕು. ಶುಕ್ರವಾರದೊಳಗೆ ಒಂದೆರಡು ಸಾಲು ಮರೆತುಬಿಡು.”